ಕರೆಂಟು ವಾಪಸ್ ಬರುವ ದಾರಿ

ಲೈಟ್ ಹಾಕಿಕೊಂಡು ಬ್ರೇಕ್ ಒತ್ತಿದರೆ ಹಿಂದಿನ ಕೆಂಪು ದೀಪ ಇನ್ನೂ ಜೋರಾಗಿ ಉರಿಯಬೇಕಲ್ಲ? ನಮ್ಮ ಅಂಬಾಸಿಡರಿನ ಎಡಗಡೆಯ ದೀಪ ಬ್ರೇಕ್ ಒತ್ತಿದ ಕೂಡಲೇ ಆರಿಹೋಗುತ್ತಿತ್ತು. ಕಾಲು ತೆಗೆದರೆ ಮತ್ತೆ ಹತ್ತುತ್ತಿತ್ತು. ಎಡ ಇಂಡಿಕೇಟರ್ ಹಾಕಿದರೆ ಅದೇ ದೀಪ ಮಂಕಾಗುವುದು, ಬೆಳಗುವುದು, ಮತ್ತೆ ಮಂಕಾಗುವುದು. ಜೊತೆಗೆ ಏನೂ ಸಂಬಂಧವಿಲ್ಲದ ಬಲಗಡೆಯ ಬ್ರೇಕ್ ದೀಪ ಒಳಗೊಳಗೇ ಮಿಣುಕುವುದು. ಹೆಡ್‌ಲೈಟಿನದು ಬೇರೆಯೇ ಗೋಳು. ಎರಡೂ ಉರಿಯುತ್ತಿದ್ದವು, ಆದರೆ ರಸ್ತೆಗಿಂತ ತಮ್ಮ ಗಾಜನ್ನೇ ಹೆಚ್ಚು ಬೆಳಗುತ್ತಿದ್ದವು. ಡಿಪ್ಪರ್ ಒತ್ತಿದರೆ ಒಮ್ಮೆ ಡಿಮ್, ಒಮ್ಮೆ ಬ್ರೈಟ್, ಒಮ್ಮೆ ಪೂರ್ತಿ ಕತ್ತಲು.

ಗಾಡಿ 1977ರ ಮಾರ್ಕ್ 3. ಶಿರಸಿ ಹತ್ತಿರದ ಹಳ್ಳಿಯಲ್ಲಿ ದೊಡ್ಡಪ್ಪನ ಮನೆಯ ಕೊಟ್ಟಿಗೆಯ ಪಕ್ಕದ ಶೆಡ್ಡಿನಲ್ಲಿ ವರ್ಷಗಟ್ಟಲೆ ಇದ್ದದ್ದು. ಅಡಿಕೆ ಮೂಟೆ, ಮದುವೆ ದಿಬ್ಬಣ, ಆಸ್ಪತ್ರೆಯ ತುರ್ತು, ಮಾರಿಕಾಂಬಾ ಜಾತ್ರೆ, ಎಲ್ಲಕ್ಕೂ ಓಡಿದೆ. ದೊಡ್ಡಪ್ಪನಿಗೆ ಕಣ್ಣು ಮಂಜಾದ ಮೇಲೆ "ತಗಂಡು ಹೋಗು, ಇಲ್ಲಿ ಇಲಿ ತಿಂತು" ಎಂದು ನನಗೆ ಕೊಟ್ಟ. ಹಾಗೆ ಅದು ಘಟ್ಟ ಇಳಿದು ಕಾರವಾರದ ಕೋಡಿಬಾಗಕ್ಕೆ ಬಂತು. ಇಲಿಯಿಂದ ತಪ್ಪಿಸಿಕೊಂಡು ಉಪ್ಪುಗಾಳಿಯ ಬಾಯಿಗೆ ಬಿತ್ತು ಅನ್ನಬಹುದು.

ಇದನ್ನು ನೋಡಿದವರು ಕಮ್ಮಿಯಿಲ್ಲ. ಒಬ್ಬರು ಬಲ್ಬ್ ಬದಲಿಸಿದರು. ಒಬ್ಬರು ಇಂಡಿಕೇಟರನ್ನು ಮಿಟುಕಿಸುವ ಫ್ಲ್ಯಾಷರ್ ಬದಲಿಸಿದರು. ಇನ್ನೊಂದು ಗ್ಯಾರೇಜಿನವರು "ಹಳೇ ವಯರಿಂಗು, ಪೂರಾ ಕಿತ್ತು ಹೊಸದು ಹಾಕೂದೇ" ಎಂದು ತೀರ್ಪು ಕೊಟ್ಟು ಒಂದು ಮೊತ್ತ ಹೇಳಿದರು; ಆ ದುಡ್ಡಿಗೆ ಓಡುವ ಸ್ಥಿತಿಯ ಹಳೇ ಸ್ಕೂಟರ್ ಬರುತ್ತಿತ್ತು. ಇಡೀ ವಯರಿಂಗ್ ಹಾಳಾಗಿದೆ ಎಂದು ನನಗೆ ಅನ್ನಿಸಲಿಲ್ಲ. ಹಾಳಾಗಿದ್ದರೆ ದೀಪ ಸುಮ್ಮನೆ ಆರಿ ಕೂರುತ್ತಿತ್ತು. ಇದು ಹಾಗಲ್ಲ, ಪ್ರತಿ ಸಲ ಅದೇ ಗುಂಡಿಗೆ ಅದೇ ಚೇಷ್ಟೆ. ಇಷ್ಟು ಶಿಸ್ತಿನಿಂದ ತಪ್ಪು ಮಾಡುವ ಯಂತ್ರಕ್ಕೆ ಒಂದು ಕಾರಣ ಇರಲೇಬೇಕು. ಅಲ್ಲದೆ ಆರ್.ಸಿ. ನವೀಕರಣ ಹತ್ತಿರ ಬಂದಿತ್ತು. ಖಾಸಗಿ ಕಾರಿಗೆ 15 ವರ್ಷ ಕಳೆದ ಮೇಲೆ ಐದೈದು ವರ್ಷಕ್ಕೊಮ್ಮೆ ಆರ್‌ಟಿಒ ಮುಂದೆ ನಿಲ್ಲಿಸಬೇಕು, ಅಲ್ಲಿ ಲೈಟು ಎಲ್ಲ ಹಾಕಿಸಿ ನೋಡುತ್ತಾರೆ.

ಇಲ್ಲಿಯ ಗಾಳಿಯ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲಾಗದು. ಕಾರವಾರದಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ. ಅದು ಅಷ್ಟು ದೊಡ್ಡ ಶತ್ರುವಲ್ಲ, ಮಳೆನೀರು ಒಣಗಿ ಹೋಗುತ್ತದೆ. ಸಮುದ್ರದ ಗಾಳಿಯಲ್ಲಿ ಬರುವ ಉಪ್ಪು ಒಣಗುವುದಿಲ್ಲ. ತಗಡಿನ ಸಂದಿಯಲ್ಲಿ, ಸ್ಕ್ರೂ ತಲೆಯ ಕೆಳಗೆ ಕುಳಿತು ಗಾಳಿಯ ತೇವವನ್ನು ತಾನೇ ಎಳೆದುಕೊಂಡು ಸದಾ ಹಸಿಯಾಗಿರುತ್ತದೆ. ಕಬ್ಬಿಣಕ್ಕೆ ತುಕ್ಕು, ತಾಮ್ರ ಹಿತ್ತಾಳೆಗೆ ಹಸಿರು ಕಿಲುಬು. ಎರಡೂ ಕರೆಂಟಿಗೆ ದಾರಿ ಬಿಡುವುದಿಲ್ಲ. ಇನ್ನೂ ಕೆಟ್ಟದ್ದೆಂದರೆ ತಂತಿಯ ತುದಿಯಿಂದ ಒಳಗೆ ಹತ್ತಿದ ಉಪ್ಪುನೀರು ಪ್ಲಾಸ್ಟಿಕ್ ಹೊದಿಕೆಯ ಕೆಳಗೇ ಎಳೆಎಳೆಯಾಗಿ ಏರಿ ತಾಮ್ರವನ್ನು ಕಪ್ಪು ಮಾಡುತ್ತದೆ. ಹೊರಗಿನಿಂದ ನೋಡಿದರೆ ತಂತಿ ಹೊಸದರ ಹಾಗೇ ಇರುತ್ತದೆ.

ಪೇಟೆಯಲ್ಲಿ ಬ್ಯಾಟರಿ ಅಂಗಡಿ ಇಟ್ಟುಕೊಂಡಿರುವ ಒಬ್ಬ ಹಳೇ ಮೇಸ್ತ್ರಿ ಇದ್ದಾರೆ, ಅಂಕೋಲೆ ಕಡೆಯವರು. ಈಗ ಬಗ್ಗಿ ಕೆಲಸ ಮಾಡಲು ಆಗುವುದಿಲ್ಲ, ಆದರೆ ಕುಳಿತಲ್ಲೇ ಪಾಠ ಹೇಳುತ್ತಾರೆ. ನಾನು ಹೊಸ ಡಿಜಿಟಲ್ ಮೀಟರ್ ತೋರಿಸಿದೆ. ಹಿಂದಿನ ದೀಪದ ತಂತಿಯಲ್ಲಿ 12 ವೋಲ್ಟ್ ಬರುತ್ತಿದೆ, ಆದರೂ ಹೀಗೆ ಎಂದೆ.

"ಹೆಗಡೇರೆ, ಮೀಟ್ರು ಸುಳ್ಳು ಹೇಳ್ತದೆ. ಬಲ್ಬು ಹೇಳೂದಿಲ್ಲ."

ಅವರು ಹೇಳಿದ್ದರಲ್ಲಿ ಲೆಕ್ಕ ಇದೆ. ಡಿಜಿಟಲ್ ಮೀಟರ್ ತಾನು ಅಳೆಯುವಾಗ ಎಳೆಯುವ ಕರೆಂಟು ಇಲ್ಲವೆನ್ನುವಷ್ಟು ಕಡಿಮೆ. ತಂತಿಯೊಳಗೆ ಒಂದೇ ಒಂದು ಎಳೆ, ಅದೂ ಕಿಲುಬು ಹಿಡಿದದ್ದು ಉಳಿದಿದ್ದರೂ ಮೀಟರಿಗೆ ಸಾಕು, 12 ವೋಲ್ಟ್ ಎಂದು ತೋರಿಸಿಬಿಡುತ್ತದೆ. ಆದರೆ 21 ವ್ಯಾಟಿನ ಬ್ರೇಕ್ ಬಲ್ಬಿಗೆ ಒಂದೂಮುಕ್ಕಾಲು ಆಂಪಿಯರ್ ಬೇಕು. ಅಷ್ಟು ಕೇಳಿದಾಗ ಆ ಒಂದು ಎಳೆ ಕೈಚೆಲ್ಲುತ್ತದೆ. ಹಾಗಾಗಿ ಮೇಸ್ತ್ರಿಯ ಉಪಕರಣ ಬಹಳ ಸಾದಾ: ಹೋಲ್ಡರಿನಲ್ಲಿ ಒಂದು 21 ವ್ಯಾಟಿನ ಬಲ್ಬು, ಎರಡು ಉದ್ದ ತಂತಿ, ಒಂದರ ತುದಿಗೆ ಮೊಸಳೆ ಕ್ಲಿಪ್, ಇನ್ನೊಂದಕ್ಕೆ ಚೂಪು ಮೊನೆ. ನನಗೂ ಒಂದು ಮಾಡಿಕೊಟ್ಟರು. ಅಂಗಡಿಯಲ್ಲಿ ಪೆನ್ನಿನ ಆಕಾರದ ಎಲ್‌ಇಡಿ ಟೆಸ್ಟರ್ ಸಿಗುತ್ತದೆ, ಈ ಕೆಲಸಕ್ಕೆ ಅದೂ ಮೀಟರಿನಷ್ಟೇ ಸುಳ್ಳುಗಾರ.

ಹೊರಡುವಾಗ ಇನ್ನೊಂದು ಹೇಳಿದರು: "ಬರೂ ಕರೆಂಟನ್ನ ಎಲ್ಲಾರೂ ಹುಡುಕ್ತಾರೆ. ವಾಪಸ್ ಹೋಗೂ ದಾರಿ ಯಾರೂ ನೋಡೂದಿಲ್ಲ. ನೀವು ಅಲ್ಲಿಂದ ಶುರು ಮಾಡಿ."

ಮನೆಯಲ್ಲಿ ದೀಪಕ್ಕೆ ಎರಡು ತಂತಿ ಹೋಗುತ್ತವೆ. ಕಾರಿನಲ್ಲಿ ಬಲ್ಬಿಗೆ ಹೋಗುವುದು ಒಂದೇ. ಬಲ್ಬಿನ ಹಿತ್ತಾಳೆ ಮೈಯಿಂದ ಹೋಲ್ಡರ್, ಹೋಲ್ಡರಿನಿಂದ ದೀಪದ ಲೋಹದ ಬುಡ, ಬುಡದ ಸ್ಕ್ರೂಗಳಿಂದ ಮಡ್‌ಗಾರ್ಡ್, ಅಲ್ಲಿಂದ ಇಡೀ ಬಾಡಿಯ ಮೂಲಕ ಬ್ಯಾಟರಿಯ ನೆಗೆಟಿವ್‌ಗೆ. ಗ್ಯಾರೇಜಿನಲ್ಲಿ ಇದಕ್ಕೆ ಬಾಡಿ ಅರ್ತಿಂಗ್ ಎನ್ನುತ್ತಾರೆ. ಫ್ಯಾಕ್ಟರಿಯಿಂದ ಹೊಸದಾಗಿ ಬಂದ ಗಾಡಿಯಲ್ಲಿ ಇದು ಚೊಕ್ಕ ವ್ಯವಸ್ಥೆ, ಅರ್ಧ ತಂತಿ ಉಳಿತಾಯ. ನಲವತ್ತು ಮಳೆಗಾಲ ಕಂಡ ಗಾಡಿಯಲ್ಲಿ ಪ್ರತಿ ಸ್ಕ್ರೂವೂ ಒಂದು ಅನುಮಾನ.

ಮೊದಲು ಬ್ಯಾಟರಿ. ರಾತ್ರಿಯಿಡೀ ಸುಮ್ಮನೆ ಬಿಟ್ಟ ಬ್ಯಾಟರಿ ಬೆಳಿಗ್ಗೆ 12.6 ವೋಲ್ಟ್ ತೋರಿಸಿದರೆ ಪೂರ್ತಿ ಚಾರ್ಜ್, 12.2 ಅಂದರೆ ಅರ್ಧ. ನಮ್ಮದು 12.5 ಇತ್ತು, ಸಾಕು. ಟರ್ಮಿನಲ್ ಬಿಚ್ಚಿ ಬಿಸಿನೀರಲ್ಲಿ ತೊಳೆದು ಉಜ್ಜಿದೆ. ನೆಗೆಟಿವ್‌ನಿಂದ ಬಾಡಿಗೆ ಬರುವ ಹೆಣೆದ ಪಟ್ಟಿ, ಎಂಜಿನ್ನಿನಿಂದ ಬಾಡಿಗೆ ಬರುವ ಪಟ್ಟಿ ಎರಡನ್ನೂ ತೆಗೆದು ತುದಿ ಹೊಳೆಯುವಷ್ಟು ತಿಕ್ಕಿ ಹಾಕಿದೆ. ಎಂಜಿನ್ ಪಟ್ಟಿ ಸಡಿಲವಾದರೆ ಸ್ಟಾರ್ಟರಿನ ಭಾರೀ ಕರೆಂಟು ವಾಪಸ್ ಹೋಗಲು ಚೋಕ್ ಕೇಬಲ್ಲನ್ನೇ ಹಿಡಿಯುತ್ತದೆ, ಕೇಬಲ್ ಕೈಗೆ ಬಿಸಿ ಹತ್ತುತ್ತದೆ. ಚೋಕ್ ಎಳೆಯುವಾಗ ಬೆರಳು ಸುಟ್ಟವರು ಕಾರ್ಬುರೇಟರನ್ನು ಬೈಯುವುದುಂಟು.

ಆಮೇಲೆ ತಂತಿಗಳ ಬಣ್ಣ. ಅಂಬಾಸಿಡರ್ ಹುಟ್ಟಿದ್ದು ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3ರಿಂದ. ಬಂಗಾಳದ ಉತ್ತರಪಾರಾದಲ್ಲಿ 2014ರವರೆಗೂ ತಯಾರಾಗುತ್ತಿತ್ತು. ನಮ್ಮ ಗಾಡಿಯ ವಯರಿಂಗ್ ಲ್ಯೂಕಾಸ್ ಎಂಬ ಇಂಗ್ಲಿಷ್ ಕಂಪನಿಯ ಹಳೇ ಬಣ್ಣದ ಪದ್ಧತಿಯದು, ಅದು ಗೊತ್ತಿದ್ದರೆ ಅರ್ಧ ಕೆಲಸ ಆದಂತೆ. ಕಂದು ಬಣ್ಣ ಬ್ಯಾಟರಿಯಿಂದ ನೇರ, ಫ್ಯೂಸ್ ಇಲ್ಲ, ಅದರ ತಂಟೆಗೆ ಹೋಗುವ ಮುಂಚೆ ಬ್ಯಾಟರಿಯ ನೆಗೆಟಿವ್ ಬಿಚ್ಚಿಡಲೇಬೇಕು. ಬಿಳಿ ಅಂದರೆ ಚಾವಿ ತಿರುಗಿಸಿದ ಮೇಲೆ ಬರುವುದು, ಹಸಿರು ಅಂದರೆ ಅದೇ ಕರೆಂಟು ಫ್ಯೂಸ್ ದಾಟಿದ ಮೇಲೆ. ಹೆಡ್‌ಲೈಟು ನೀಲಿ: ಬಿಳಿ ಗೆರೆ ಇದ್ದರೆ ಬ್ರೈಟ್, ಕೆಂಪು ಗೆರೆ ಇದ್ದರೆ ಡಿಮ್. ಪಾರ್ಕಿಂಗ್ ಮತ್ತು ಹಿಂದಿನ ದೀಪಗಳಿಗೆ ಕೆಂಪು. ಹಸಿರಿನ ಮೇಲೆ ನೇರಳೆ ಗೆರೆ ಬ್ರೇಕ್ ದೀಪ. ಹಸಿರಿನ ಮೇಲೆ ಕೆಂಪು ಎಡ ಇಂಡಿಕೇಟರ್, ಬಿಳಿ ಗೆರೆ ಬಲ. ಕಪ್ಪು ಅರ್ತಿಂಗ್. ಬಣ್ಣ ಮಾಸಿ ಎಲ್ಲವೂ ಮಣ್ಣಿನ ಬಣ್ಣಕ್ಕೆ ತಿರುಗಿತ್ತು ನಿಜ. ಆದರೆ ಟೇಪ್ ಸುತ್ತಿದ ಕಡೆ ಒಂದಿಂಚು ಬಿಡಿಸಿದರೆ ಬೆಳಕು ಕಾಣದ ತಂತಿ 1977ರ ಬಣ್ಣದಲ್ಲೇ ಇತ್ತು. ನಡುನಡುವೆ ಯಾರೋ ಪುಣ್ಯಾತ್ಮರು ಏನೆಲ್ಲಕ್ಕೂ ಒಂದೇ ಕೆಂಪು ತಂತಿ ಜೋಡಿಸಿ ಹೋಗಿದ್ದರು. ಅಂಥಲ್ಲಿ ಬಲ್ಬು ಹಿಡಿದು ಒಂದೊಂದನ್ನೇ ಹುಡುಕಿ ಚೀಟಿ ಕಟ್ಟಿದೆ.

ಫ್ಯೂಸ್ ಬಾಕ್ಸಿನಲ್ಲಿ ಇರುವುದು ಎರಡೇ ಗಾಜಿನ ಫ್ಯೂಸ್. ಒಂದಕ್ಕೆ ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತಿತ್ತು. ಲ್ಯೂಕಾಸ್ ಫ್ಯೂಸಿನ ಮೇಲೆ 35 ಆಂಪಿಯರ್ ಎಂದು ಬರೆದಿದ್ದರೆ ಅದು ಸುಟ್ಟುಹೋಗುವ ಅಂಕಿ. ನಿರಂತರ ತಡೆದುಕೊಳ್ಳುವುದು ಅದರ ಅರ್ಧ ಮಾತ್ರ. ಅಂಗಡಿಯಲ್ಲಿ ಬೇರೆ ಜಾತಿಯ 35ರ ಫ್ಯೂಸ್ ತಂದು ಹಾಕಿದರೆ ಅದು ಉಳಿಯುತ್ತದೆ, ತಂತಿ ಸುಡುತ್ತದೆ. ಬೆಳ್ಳಿ ಕಾಗದದ ಬಗ್ಗೆ ಹೇಳುವುದೇ ಬೇಡ.

ಈಗ ಹಿಂದಿನ ಎಡ ದೀಪ. ಬ್ರೇಕ್ ಒತ್ತಲು ಒಂದು ಜನ ಬೇಕು. ಆಯಿ ಬಂದು ಡ್ರೈವರ್ ಸೀಟಿನಲ್ಲಿ ಕೂತಳು. ಕಾರು ಬಿಡಲು ಯಾವತ್ತೂ ಕಲಿಯದವಳು ಸ್ಟಿಯರಿಂಗ್ ಹಿಡಿದು ಗಂಭೀರವಾಗಿ "ಒತ್ಲಾ? ಬಿಡ್ಲಾ?" ಎಂದು ಕೇಳುತ್ತಿದ್ದಳು. ನಾನು ಡಿಕ್ಕಿಯ ಹಿಂದೆ ಮೊಣಕಾಲೂರಿ ಕೂತು ಪ್ರತಿಯೊಂದನ್ನೂ ಪುಸ್ತಕದಲ್ಲಿ ಬರೆದುಕೊಂಡೆ. ಲೈಟ್ ಬಂದ್, ಬ್ರೇಕ್ ಒತ್ತಿದರೆ: ಬಲಗಡೆ ಪ್ರಖರ ಕೆಂಪು, ಎಡಗಡೆ ಮಂಕು ಕೆಂಪು. ಲೈಟ್ ಹಾಕಿದರೆ: ಎರಡೂ ಹೆಚ್ಚುಕಮ್ಮಿ ಸಮ. ಲೈಟ್ ಹಾಕಿ ಬ್ರೇಕ್ ಒತ್ತಿದರೆ: ಬಲ ಪ್ರಖರ, ಎಡ ಕತ್ತಲೆ. ಈ ಮೂರು ಸಾಲು ನೋಡುತ್ತ ಕಾಗದದ ಮೇಲೆ ಗೆರೆ ಎಳೆಯುತ್ತ ಕೂತಾಗ ಗುಟ್ಟು ಬಿಟ್ಟುಕೊಟ್ಟಿತು.

ಹಿಂದಿನ ಆ ಬಲ್ಬಿನೊಳಗೆ ಉರಿಯುವ ಎಳೆಗಳು (ಫಿಲಮೆಂಟ್) ಎರಡಿವೆ: 5 ವ್ಯಾಟಿನದು ರಾತ್ರಿ ದೀಪಕ್ಕೆ, 21 ವ್ಯಾಟಿನದು ಬ್ರೇಕಿಗೆ. ಬರುವ ತಂತಿ ಬೇರೆ ಬೇರೆ, ವಾಪಸ್ ಹೋಗುವ ದಾರಿ ಮಾತ್ರ ಎರಡಕ್ಕೂ ಒಂದೇ, ಬಲ್ಬಿನ ಹಿತ್ತಾಳೆ ಮೈ. ಆ ದಾರಿ ಮುಚ್ಚಿದೆ ಎಂದುಕೊಳ್ಳಿ. ಬ್ರೇಕ್ ಒತ್ತಿದಾಗ 21ರ ಎಳೆಯೊಳಗೆ ಬಂದ ಕರೆಂಟು ಬಾಡಿಗೆ ಹೋಗಲಾರದೆ 5ರ ಎಳೆಯೊಳಗೆ ಹಿಮ್ಮುಖವಾಗಿ ನುಗ್ಗಿ, ಕೆಂಪು ತಂತಿ ಹಿಡಿದು ಬಲಗಡೆಯ ದೀಪ, ಮುಂದಿನ ಪಾರ್ಕಿಂಗ್ ದೀಪಗಳ ಮೂಲಕ ಅವುಗಳ ಅರ್ತಿಂಗ್ ಹುಡುಕಿಕೊಂಡು ಹೋಗುತ್ತದೆ. ದಾರಿಯಲ್ಲಿ ಅತಿ ಹೆಚ್ಚು ತಡೆ ಒಡ್ಡುವುದು ಆ 5 ವ್ಯಾಟಿನ ಎಳೆ, ಉರಿಯುವುದೂ ಅದೇ. ಆದ್ದರಿಂದ ಮಂಕು ಕೆಂಪು. ಇನ್ನು ಲೈಟ್ ಹಾಕಿ ಬ್ರೇಕ್ ಒತ್ತಿದರೆ? 5ರ ಎಳೆಯ ಒಂದು ತುದಿಯಲ್ಲಿ ಲೈಟಿನ 12 ವೋಲ್ಟ್, ಇನ್ನೊಂದು ತುದಿಯಲ್ಲಿ ಬ್ರೇಕಿನ 12 ವೋಲ್ಟ್. ಎರಡೂ ಕಡೆ ಒತ್ತಡ ಸಮನಾದ ಮೇಲೆ ಕರೆಂಟು ಹರಿಯುವುದೆಲ್ಲಿಗೆ? ದೀಪ ಆರುತ್ತದೆ. ಇಂಡಿಕೇಟರ್ ಬಲ್ಬೂ ಅದೇ ಬುಡಕ್ಕೆ ಕೂತಿರುವುದರಿಂದ ಅದರ ಕರೆಂಟೂ ಇಲ್ಲೇ ಸಿಕ್ಕಿಬಿದ್ದು, ಬ್ರೇಕಿನ ಎಳೆ ಹಿಡಿದು ಬಲಗಡೆಯ ಬ್ರೇಕ್ ದೀಪದವರೆಗೆ ಹೋಗಿ ಅಲ್ಲಿ ಮಿಣುಕುತ್ತಿತ್ತು.

ದೊಡ್ಡಪ್ಪನಿಗೆ ಫೋನಿನಲ್ಲಿ ಇದನ್ನೆಲ್ಲ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು, "ಬಸಿಗಾಲುವೆ ಕಟ್ಟಿಕ್ಯಂಡ್ರೆ ನೀರು ಪಕ್ಕದ ತೋಟಕ್ಕೆ ನುಗ್ತಿಲ್ಯ, ಹಂಗೆ ಹೇಳು" ಎಂದ. ಇಷ್ಟೇ ಮಾತಿಗೆ ನಾನು ಒಂದು ಪುಟ ಚಿತ್ರ ಬರೆದಿದ್ದೆ.

ಪರೀಕ್ಷೆ ಸುಲಭ. ಒಂದು ಉದ್ದ ತಂತಿಯ ತುದಿಯನ್ನು ದೀಪದ ಬುಡಕ್ಕೆ ತಾಗಿಸಿ ಇನ್ನೊಂದನ್ನು ಬ್ಯಾಟರಿಯ ನೆಗೆಟಿವ್‌ಗೆ ಹಿಡಿದೆ. ಚೇಷ್ಟೆ ಎಲ್ಲ ಒಂದೇ ಕ್ಷಣಕ್ಕೆ ನಿಂತಿತು. "ಒತ್ತು" ಎಂದೆ, ಎರಡೂ ಕಡೆ ಒಂದೇ ಸಮನೆ ಕೆಂಪು. ದೀಪದ ಬುಡ ಬಿಚ್ಚಿದಾಗ ಕಾರಣವೂ ಸಿಕ್ಕಿತು. ಮನೆಯಲ್ಲಿ ಮದುವೆ ಇದ್ದಾಗ ಗಾಡಿಗೆ ಹೊಸ ಪೇಂಟ್ ಹೊಡೆಸಿದ್ದರು. ದೀಪ ತೆಗೆದು, ಕೆಳಗಿನ ತಗಡಿಗೂ ದಪ್ಪಗೆ ಬಣ್ಣ ಹೊಡೆದು, ಅದರ ಮೇಲೆ ರಬ್ಬರ್ ಗ್ಯಾಸ್ಕೆಟ್ ಇಟ್ಟು ಕೂರಿಸಿದ್ದರು. ಬುಡಕ್ಕೂ ಬಾಡಿಗೂ ನಡುವೆ ಉಳಿದಿದ್ದ ಸಂಬಂಧ ಸ್ಕ್ರೂಗಳ ಮೂಲಕ ಮಾತ್ರ. ಶಿರಸಿಯಲ್ಲಿ ಅಷ್ಟು ಸಾಕಾಗಿತ್ತು, ಕಾರವಾರದಲ್ಲಿ ಸ್ಕ್ರೂ ತುಕ್ಕು ಹಿಡಿಯಿತು. ಅಂದರೆ ಒಳ್ಳೇ ಪೇಂಟ್ ಕೆಲಸವೇ ತೊಂದರೆಯ ಮೂಲ. ಅಗ್ಗದ ಪೇಂಟರ್ ಆಗಿದ್ದರೆ ದೀಪ ತೆಗೆಯದೆ ಸುತ್ತ ಹೊಡೆದು ಬಿಡುತ್ತಿದ್ದ!

ಸ್ಕ್ರೂವನ್ನೇ ನಂಬಿ ಮತ್ತೆ ಕೂರಿಸುವ ಮನಸ್ಸಾಗಲಿಲ್ಲ. ಹೋಲ್ಡರಿನ ಲೋಹಕ್ಕೇ ಕಪ್ಪು ತಂತಿ ಬೆಸುಗೆ ಹಾಕಿ, ಅದನ್ನು ಡಿಕ್ಕಿಯ ಒಳಗೆ ತಂದು, ತಗಡನ್ನು ಸ್ಯಾಂಡ್‌ಪೇಪರಿನಿಂದ ಬೆಳ್ಳಗೆ ಮಾಡಿ, ಹಲ್ಲಿನ ವಾಷರ್ ಹಾಕಿ ಬೋಲ್ಟ್ ಬಿಗಿದೆ. ಮೇಲೆ ವ್ಯಾಸಲಿನ್. ಗ್ರೀಸಿಗಿಂತ ಅದೇ ವಾಸಿ, ತೆಳ್ಳಗೆ ಕೂತು ಉಪ್ಪುಗಾಳಿಯನ್ನು ಹೊರಗಿಡುತ್ತದೆ. ಬೆಸುಗೆ ಹಾಕುವಾಗ ಹಳೇ ತಂತಿಯ ಕಪ್ಪಾದ ತಾಮ್ರಕ್ಕೆ ಸೀಸ ಹಿಡಿಯಲೇ ಇಲ್ಲ. ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸುತ್ತ ಹೋಗಿ, ಕಡಿಮೆ ಬಿದ್ದದ್ದಕ್ಕೆ ಹೊಸ ತುಂಡು ಸೇರಿಸಿದೆ. ಇದನ್ನೇ ಬಲಗಡೆಗೂ, ನಂಬರ್ ಪ್ಲೇಟ್ ದೀಪಕ್ಕೂ, ಮುಂದಿನ ನಾಲ್ಕು ದೀಪಗಳಿಗೂ ಮಾಡಿದೆ. ಹೆಡ್‌ಲೈಟು ಬಿಟ್ಟರೆ ಉಳಿದವು ಸದ್ಯ ಸರಿಯಿದ್ದವು, ಆದರೂ ಎಷ್ಟು ದಿನ?

ಹೆಡ್‌ಲೈಟಿಗೆ ಬಂದಾಗ ಮೇಸ್ತ್ರಿ ಬೈದ ಮೀಟರೇ ಉಪಯೋಗಕ್ಕೆ ಬಂತು, ಬಳಸುವ ರೀತಿ ಬೇರೆ ಅಷ್ಟೆ. ದೀಪ ಉರಿಯುತ್ತಿರುವಾಗಲೇ, ಅಂದರೆ ಕರೆಂಟು ನಿಜವಾಗಿ ಹರಿಯುತ್ತಿರುವಾಗ ಅಳೆಯಬೇಕು. ಹಾಗೆ ಅಳೆದರೆ ಬ್ಯಾಟರಿಯಲ್ಲಿ 12.3, ಡಿಮ್ ಬಲ್ಬಿನ ಎರಡು ಕಾಲುಗಳ ನಡುವೆ 9.8. ಎರಡೂವರೆ ವೋಲ್ಟ್ ದಾರಿಯಲ್ಲೇ ಮಾಯ. ಎರಡೂವರೆ ತಾನೇ ಅನ್ನಬೇಡಿ. ಬಲ್ಬಿನ ಬೆಳಕು ವೋಲ್ಟೇಜಿನ ಜೊತೆ ಸಮಸಮ ಇಳಿಯುವುದಿಲ್ಲ, ಅದರ ಮೂರೂವರೆ ಘಾತದ ಹತ್ತಿರ ಧುಮುಕುತ್ತದೆ. ವೋಲ್ಟೇಜು ಐದರಲ್ಲಿ ಒಂದು ಪಾಲು ಹೋದರೆ ಬೆಳಕು ಅರ್ಧಕ್ಕಿಂತ ಹೆಚ್ಚು ಹೋಗುತ್ತದೆ. ನಮ್ಮ ಗಾಡಿ ಹಳದಿ ಬೆಳಕು ಬೀರುತ್ತಿದ್ದದ್ದು ಇದಕ್ಕೇ. ಜೋರು ಬಲ್ಬ್ ಹಾಕಿ ಎಂದವರಿದ್ದಾರೆ. ಜೋರು ಬಲ್ಬು ಇನ್ನೂ ಹೆಚ್ಚು ಕರೆಂಟು ಎಳೆದು ಇನ್ನೂ ಹೆಚ್ಚು ವೋಲ್ಟೇಜನ್ನು ದಾರಿಯಲ್ಲಿ ಕಳೆಯುತ್ತದೆ.

ಎಲ್ಲಿ ಹೋಯಿತು ಎಂದು ಹಿಡಿಯಲು ಮೀಟರಿನ ಕೆಂಪು ಮೊನೆಯನ್ನು ಬ್ಯಾಟರಿಯ ಪ್ಲಸ್‌ಗೇ ಕಟ್ಟಿ, ಕಪ್ಪು ಮೊನೆಯನ್ನು ಉದ್ದ ತಂತಿಯಿಂದ ಒಂದೊಂದೇ ನಿಲ್ದಾಣಕ್ಕೆ ಒಯ್ದೆ. ಡ್ಯಾಶ್‌ಬೋರ್ಡಿನ ಸ್ವಿಚ್ಚಿಗೆ ಬರುವ ಕಂದು ತಂತಿಯಲ್ಲಿ 0.3 ನಷ್ಟ. ಸ್ವಿಚ್ ದಾಟಿದ ಮೇಲೆ 0.7. ಕಾಲಿನ ಡಿಪ್ಪರ್ ದಾಟಿದ ಮೇಲೆ 1.3. ಗ್ರಿಲ್ಲಿನ ಹಿಂದೆ ತಂತಿ ಜೋಡಿಸುವ ಬುಲೆಟ್ ಕನೆಕ್ಟರ್ ದಾಟಿ ಬಲ್ಬಿನಲ್ಲಿ 1.6. ಇನ್ನುಳಿದ 0.9 ಎಲ್ಲಿ? ಬಲ್ಬಿನ ಅರ್ತಿಂಗ್ ಕಾಲಿನಿಂದ ಬ್ಯಾಟರಿಯ ನೆಗೆಟಿವ್‌ಗೆ ಅಳೆದರೆ ಅಲ್ಲಿತ್ತು. ಮತ್ತೆ ವಾಪಸ್ ದಾರಿ. ಮುಂದಿನ ದೀಪಗಳಿಗೆ ಹೊಸ ಕಪ್ಪು ತಂತಿ ಎಳೆಯುವ ಮೊದಲಿನ ಅಳತೆ ಇದು. ಎಳೆದ ಮೇಲೆ ಆ 0.9 ಹೆಚ್ಚುಕಮ್ಮಿ ಇಲ್ಲವಾಯಿತು.

ಬರುವ ದಾರಿಯಲ್ಲಿ ದೊಡ್ಡ ಕಳ್ಳ ಡಿಪ್ಪರ್. ಕ್ಲಚ್ಚಿನ ಎಡಕ್ಕೆ ನೆಲದ ಮೇಲೆಯೇ ಇರುವುದರಿಂದ ಒದ್ದೆ ಚಪ್ಪಲಿಯ ನೀರು, ಬೀಚಿಗೆ ಹೋಗಿ ಬಂದವರ ಕಾಲಿನ ಮರಳು ಎಲ್ಲ ಅದರ ತಲೆಯ ಮೇಲೆ. 0.6 ವೋಲ್ಟನ್ನು 6 ಆಂಪಿಯರಿನಿಂದ ಗುಣಿಸಿದರೆ ಮೂರೂವರೆ ವ್ಯಾಟ್, ಅಷ್ಟು ಶಾಖ ಹೆಬ್ಬೆರಳಿನಷ್ಟು ಸ್ವಿಚ್ಚಿನೊಳಗೆ. ಮುಟ್ಟಿದರೆ ಬಿಸಿ ಗೊತ್ತಾಗುತ್ತಿತ್ತು. ಅಂಚಿನ ಮಡಿಕೆ ಎತ್ತಿ ತೆರೆದಾಗ ಒಳಗೆ ಮರಳು, ಕಿಲುಬು, ಸವೆದು ಹೋದ ತಿರುಗುವ ತಾಮ್ರದ ತುಂಡು. ಒಮ್ಮೆ ಡಿಮ್ ಒಮ್ಮೆ ಕತ್ತಲು ಆಗುತ್ತಿದ್ದದ್ದು ಆ ತುಂಡು ಎರಡು ಮನೆಗಳ ನಡುವೆ ನಿಲ್ಲುತ್ತಿದ್ದುದರಿಂದ. ಇದು ರಿಪೇರಿಯಾಗುವ ವಸ್ತುವಲ್ಲ, ಹುಬ್ಬಳ್ಳಿಯಿಂದ ಹೊಸದು ತರಿಸಿದೆ. ಡಿಪ್ಪರ್ ವಿಷಯದಲ್ಲಿ ನಾನು ಹಟ ಹಿಡಿಯಲು ಕಾರಣವಿದೆ. 2024ರ ಆಗಸ್ಟ್‌ನಲ್ಲಿ ಕಾಳಿ ನದಿಯ ಹಳೇ ಸೇತುವೆ ಕುಸಿದ ಮೇಲೆ ಎರಡೂ ಕಡೆಯ ವಾಹನ ಹೊಸ ಸೇತುವೆಯ ಮೇಲೇ ಎದುರುಬದುರಾಗುವಂತಾಯಿತು. ಸದಾಶಿವಗಡದಿಂದ ರಾತ್ರಿ ಬರುವಾಗ ಎದುರಿನವನ ಕಣ್ಣಿಗೆ ಬ್ರೈಟ್ ಹೊಡೆದುಕೊಂಡೇ ಸೇತುವೆ ದಾಟುವುದು ಮರ್ಯಾದೆಯ ಕೆಲಸವಲ್ಲ.

ಹೊಸ ಡಿಪ್ಪರ್ ಕೂಡ ಮತ್ತೆ ಮರಳು ತಿನ್ನುತ್ತದೆ ಎಂದು ಗೊತ್ತಿದ್ದರಿಂದ ಎರಡು ರಿಲೇ ಹಾಕಿದೆ, ಡಿಮ್ಮಿಗೊಂದು ಬ್ರೈಟಿಗೊಂದು. ರಿಲೇ ಅಂದರೆ ಸಣ್ಣ ಕರೆಂಟಿನ ಸನ್ನೆಗೆ ದೊಡ್ಡ ಕರೆಂಟನ್ನು ಹರಿಯಬಿಡುವ ಸ್ವಿಚ್ಚು. ರಿಲೇಯ 30ನೇ ಕಾಲಿಗೆ ಬ್ಯಾಟರಿಯಿಂದ ದಪ್ಪ ತಂತಿ, 87ರಿಂದ ದೀಪಕ್ಕೆ, 85 ಅರ್ತಿಂಗಿಗೆ, 86ಕ್ಕೆ ಡಿಪ್ಪರಿನಿಂದ ಬರುವ ಹಳೇ ನೀಲಿ ತಂತಿ. ಈಗ ಡಿಪ್ಪರಿನೊಳಗೆ ಹರಿಯುವುದು ರಿಲೇಯ ಸುರುಳಿಗೆ ಬೇಕಾದ 0.2 ಆಂಪಿಯರಿನ ಆಸುಪಾಸು ಮಾತ್ರ. ಹಳೇ ವ್ಯವಸ್ಥೆಯಲ್ಲಿ ಹೆಡ್‌ಲೈಟಿಗೆ ಫ್ಯೂಸೇ ಇರಲಿಲ್ಲ; ಫ್ಯೂಸ್ ಹೋಗಿ ರಾತ್ರಿ ಘಟ್ಟದಲ್ಲಿ ಒಮ್ಮೆಲೇ ಕತ್ತಲಾಗದಿರಲಿ ಎಂಬ ಲೆಕ್ಕಾಚಾರ ಇರಬೇಕು. ನಾನು ಎಡಕ್ಕೊಂದು ಬಲಕ್ಕೊಂದು ಬೇರೆ ಬೇರೆ ಫ್ಯೂಸ್ ಕೊಟ್ಟೆ, ಒಂದು ಹೋದರೂ ಇನ್ನೊಂದು ಕಣ್ಣು ಇರುತ್ತದೆ. ಎಲ್ಲ ಮುಗಿದ ಮೇಲೆ ಬಲ್ಬಿನಲ್ಲಿ 11.8. ಬಲ್ಬು ಅದೇ ಹಳೇ 45/40 ವ್ಯಾಟಿನದು, ಬೆಳಕು ಹತ್ತಿರಹತ್ತಿರ ಎರಡರಷ್ಟು.

ಇನ್ನೂ ಜೋರಾದ ಹ್ಯಾಲೊಜೆನ್ ಬಲ್ಬು ಹಾಕಬಹುದಿತ್ತಲ್ಲ ಎಂದು ತಮ್ಮ ಕೇಳಿದ. ಗಾಡಿಗೆ ಕರೆಂಟು ಹುಟ್ಟಿಸುವ ಡೈನಮೊ ಒಪ್ಪಬೇಕಲ್ಲ. ಲ್ಯೂಕಾಸಿನ ಸಿ40 ಡೈನಮೊ ಕೊಡುವುದು ಹೆಚ್ಚೆಂದರೆ 22 ಆಂಪಿಯರ್, ಅದೂ ಎಂಜಿನ್ ಓಡುವಾಗ. ಬ್ರೈಟ್ ದೀಪಗಳಿಗೆ ಏಳೂವರೆ, ಪಾರ್ಕಿಂಗ್ ಮತ್ತು ಹಿಂದಿನ ದೀಪಗಳಿಗೆ ಎರಡೂವರೆ, ಇಗ್ನಿಷನ್ ಕಾಯಿಲಿಗೆ ಮೂರು ನಾಲ್ಕು, ಮಳೆ ಬಂದರೆ ವೈಪರಿಗೆ ಎರಡು ಮೂರು, ಬ್ರೇಕ್ ಒತ್ತಿದಾಗ ಮತ್ತೆ ಮೂರೂವರೆ. ಕೂಡಿಸಿ ನೋಡಿ, ಜೇಬು ಆಗಲೇ ಖಾಲಿ. ಐಡ್ಲಿಂಗಿನಲ್ಲಿ ಡೈನಮೊ ಏನೂ ಕೊಡುವುದೇ ಇಲ್ಲ, ಸಿಗ್ನಲ್ಲಿನಲ್ಲಿ ನಿಂತಾಗ ದೀಪ ಕುಗ್ಗಿ ಕೆಂಪು ಸೂಚಕ ಹತ್ತುವುದು ಈ ಗಾಡಿಯ ಜಾಯಮಾನ. ಅದನ್ನು ದೋಷವೆಂದು ಹುಡುಕಹೊರಟರೆ ಮುಗಿಯುವುದಿಲ್ಲ.

ಉಳಿದವು ಸಣ್ಣವು. ಬ್ರೇಕ್ ದೀಪ ಜೋರಾಗಿ ತುಳಿದರೆ ಮಾತ್ರ ಬರುತ್ತಿತ್ತು. ಬ್ರೇಕ್ ಎಣ್ಣೆಯ ಒತ್ತಡದಿಂದ ಕೆಲಸ ಮಾಡುವ ಸ್ವಿಚ್ ಅದು. ಎರಡು ತಂತಿ ಕಿತ್ತು ಒಂದಕ್ಕೊಂದು ತಾಗಿಸಿದರೆ ದೀಪ ಬಂತು, ಅಂದರೆ ಸ್ವಿಚ್ಚೇ ಹೋಗಿದೆ. ಬದಲಿಸಿ ಬ್ರೇಕಿನ ಗಾಳಿ ತೆಗೆಸಿದೆ. ಇಂಡಿಕೇಟರ್ ಅರ್ತಿಂಗ್ ಸರಿಯಾದ ದಿನವೇ ತಾನಾಗಿ ಸರಿಯಾಗಿತ್ತು. ಹಳೇ ಫ್ಲ್ಯಾಷರ್ ಬಿಸಿಯಿಂದ ಕೆಲಸ ಮಾಡುವಂಥದ್ದು, ಎರಡು 21 ವ್ಯಾಟಿನ ಬಲ್ಬಿನ ಕರೆಂಟು ಹರಿದರೇ ಅದರ ತಾಳ ಸರಿ ಬರುವುದು. ಅರ್ತಿಂಗ್ ಕೆಟ್ಟರೆ ತಾಳ ತಪ್ಪುತ್ತದೆ, ಎಲ್‌ಇಡಿ ಬಲ್ಬ್ ಹಾಕಿದರೂ ತಪ್ಪುತ್ತದೆ. ಹಿಂದೆ ಬದಲಿಸಿದ್ದ ಫ್ಲ್ಯಾಷರಿನಲ್ಲಿ ಏನೂ ದೋಷ ಇರಲಿಲ್ಲ.

ಶಿರಸಿಗೆ ಹೋದದ್ದು ಬೇಕೆಂದೇ ಸಂಜೆ. ಕುಮಟಾ ದಾಟಿ ದೇವಿಮನೆ ಘಟ್ಟ ಹತ್ತುವಷ್ಟರಲ್ಲಿ ಕತ್ತಲು, ಮೇಲೆ ಮಂಜು. ಮಂಜಿನಲ್ಲಿ ಬ್ರೈಟ್ ಹಾಕಿದರೆ ಬೆಳ್ಳಗಿನ ಗೋಡೆ, ಡಿಮ್ಮಿಗೆ ಬಂದರೆ ರಸ್ತೆಯ ಅಂಚು ಕಾಣುತ್ತದೆ. ತಿರುವು ತಿರುವಿಗೂ ಕಾಲು ಡಿಪ್ಪರಿನ ಮೇಲೆ, ಒಮ್ಮೆಯೂ ಕೈಕೊಡಲಿಲ್ಲ. ಅಂಗಳದಲ್ಲಿ ನಿಂತಿದ್ದ ದೊಡ್ಡಪ್ಪ ಹಿಂದೆ ಹೋಗಿ "ಬ್ರೇಕ್ ಒತ್ತು ನೋಡನ" ಎಂದು ಖುದ್ದು ಪರೀಕ್ಷೆ ಮಾಡಿದ. ಕಾರವಾರದ ಆರ್‌ಟಿಒದಲ್ಲಿ ಅಷ್ಟು ಹೊತ್ತೂ ಹಿಡಿಯಲಿಲ್ಲ.

ಬಾಕಿ ಇರುವುದು ಒಳಗಿನ ಚಾವಣಿಯ ದೀಪ. ಅದಕ್ಕೆ ಬರುವ ನೇರಳೆ ತಂತಿಯಲ್ಲಿ ನನ್ನ 21 ವ್ಯಾಟಿನ ಬಲ್ಬು ಚೆನ್ನಾಗಿ ಉರಿಯುತ್ತದೆ, ಬರುವ ದಾರಿ ಸರಿಯಿದೆ. ಆ ದೀಪದ ಅರ್ತಿಂಗ್ ಬಾಗಿಲ ಕಂಬದಲ್ಲಿರುವ ಸ್ವಿಚ್ಚಿನ ಮೂಲಕ ಹೋಗುತ್ತದೆ, ಆ ಸ್ವಿಚ್ಚು ತುಕ್ಕು ಹಿಡಿದು ಕಂಬಕ್ಕೇ ಕಚ್ಚಿಕೊಂಡಿದೆ. ಎಣ್ಣೆ ಬಿಟ್ಟು ಇಟ್ಟಿದ್ದೇನೆ. ಕಿತ್ತರೆ ಹೊಸ ಪೇಂಟ್ ಏಳುತ್ತದೆ ಎಂದು ಆಯಿ ತಡೆಯುತ್ತಿದ್ದಾಳೆ.